ಲೋಳೆ ತೆಗೆದ ಗಂಬೋ

"ತಿನ್ನದ ಸೀಗಡಿಗೆ ನಾ ಯಾಕ ರೊಕ್ಕಾ ಕೊಡ್ಲಿ? ಕೊಡಂಗಿಲ್ಲ! ಗಂಬೋ ನಾನ ಮಾಡ್ತೀನಿ!"

ಅಮೆರಿಕದ ಸೈಪ್ರೆಸ್‌ನ ತಮ್ಮ ಮನೆಯ ಹಾಲಿನ ನಟ್ಟನಡುವೆ ನಿಂತು ಚಿದಾನಂದರು ಹೀಗೆ ಘೋಷಿಸಿದಾಗ, ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದ ಹೆಂಡತಿ ತುಳಸಿ ಕೈಯನ್ನೂ ನಿಲ್ಲಿಸಲಿಲ್ಲ. ಗಂಡನ ಘೋಷಣೆಗಳಿಗೆಲ್ಲ ಕೈ ನಿಲ್ಲಿಸಿದ್ದರೆ ಆ ಮನೆಯಲ್ಲಿ ಒಂದು ರೊಟ್ಟಿಯೂ ಬೇಯುತ್ತಿರಲಿಲ್ಲ.

ವಿಷಯ ಇಷ್ಟೆ. ಮಗಳು ಪ್ರೇರಣಾ ಲೂಸಿಯಾನಾದ ಫ್ರೆಂಚ್ ಮೂಲದ ಕೇಜನ್ ಹುಡುಗ ರೇಮಿಯನ್ನು ಮದುವೆಯಾಗುವವಳಿದ್ದಳು. ಹುಡುಗನ ತಾಯಿ ಒಡೀಲ್ ಭಾನುವಾರ ಮೊದಲ ಬಾರಿಗೆ ಊಟಕ್ಕೆ ಬರುವವರು. ಕೇಜನ್ ಜನರಿಗೆ ಗಂಬೋ ಎಂದರೆ ಪ್ರಾಣ. ಅನ್ನದ ಮೇಲೆ ಸುರಿದುಕೊಂಡು ತಿನ್ನುವ ಗಟ್ಟಿ ಸಾರು ಅದು. ಸೀಗಡಿ, ಸಾಸೇಜು ಹಾಕುತ್ತಾರೆ. ಚಿದಾನಂದರ ಅಡುಗೆಮನೆಯೋ ಬೆಳ್ಳುಳ್ಳಿಯಿಂದ ಮುಂದಕ್ಕೆ ಹೆಜ್ಜೆ ಇಟ್ಟದ್ದಲ್ಲ. ಹಾಗಾಗಿ ಕೇಜನ್ ಹೋಟೆಲೊಂದಕ್ಕೆ ಫೋನ್ ಮಾಡಿ ಬರೀ ಬೆಂಡೆಕಾಯಿ ಗಂಬೋ ಕೇಳಿದ್ದರು. ಹೋಟೆಲಿನವನು ಹೇಳಿದ ರೇಟು ಕೇಳಿ ಸೋಫಾದಿಂದ ಎದ್ದೇ ನಿಂತರು!

"ಹೋದ ವರ್ಷ ಇದರ ಅರ್ಧ ಇತ್ತಲ್ಲ?"

"ಸೀಗಡಿ ತುಟ್ಟಿಯಾಗಿದೆ, ಸರ್."

"ನನ್ನ ಗಂಬೋದಲ್ಲಿ ಸೀಗಡಿಯೇ ಇಲ್ಲವಲ್ಲ!"

"ಎಲ್ಲ ಗಂಬೋಗೂ ಒಂದೇ ರೇಟು, ಸರ್."

ಅಲ್ಲಿಗೆ ಮಾತು ಮುಗಿಯಿತು, ಯುದ್ಧ ಶುರುವಾಯಿತು.

"ಜ್ವಾಳದ ರೊಟ್ಟಿ, ಎಣ್ಣಿಗಾಯಿ ಮಾಡಿದ್ರ ಆತಲ್ರಿ" ಎಂದರು ತುಳಸಿ.

"ಬೀಗರಿಗೆ ಅವರ ಬಾಯಿಗೆ ಹಿಡಿಸೂದನ್ನ ಹಾಕಬೇಕು! ಅದಕ್ಕ ಮರ್ಯಾದಿ ಅಂತಾರ! ನಾಳೆ ಆಕಿ, 'ಹುಡುಗಿ ಮನ್ಯಾಗ ಹೊಟ್ಟಿ ತುಂಬಲಿಲ್ಲ' ಅಂದ್ರ ಮಗಳು ಜೀವನಪೂರ್ತಿ ಕೇಳಬೇಕು."

ಫೋನಿನ ಸ್ಪೀಕರಿನಲ್ಲಿದ್ದ ಪ್ರೇರಣಾ ಬೇಡಿಕೊಂಡಳು. "ಅಪ್ಪಾ, ಪ್ಲೀಸ್, ಡೋಂಟ್!"

"ಆಯಿಲ್ ಪೈಪ್‌ಲೈನ್ ಡಿಸೈನ್ ಮಾಡಿ ರಿಟೈರ್ ಆದಾಂವ ನಾನು. ಎಣ್ಣಿ ವಿಷಯ ನನಗ ಹೇಳ್ತೀ ಏನು?"

ಶನಿವಾರ ಇಂಡಿಯನ್ ಅಂಗಡಿಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು, ಟಪ್ ಎಂದದ್ದನ್ನು ಮಾತ್ರ ಚೀಲಕ್ಕೆ ಹಾಕಿದರು. ಟಪ್ ಎನ್ನದವು ಮೂಗು ಕಳೆದುಕೊಂಡು ಬುಟ್ಟಿಯಲ್ಲೇ ಉಳಿದವು. "ಅಂಕಲ್, ತುದಿ ಮುರೀಬೇಡಿ" ಎಂದ ಅಂಗಡಿಯ ಹುಡುಗಿಗೆ, "ಮುರೀದ ಎಳೀದು ಅಂತ ಹೆಂಗ ಗೊತ್ತಾಗಬೇಕವ್ವಾ?" ಎಂದು ಪಾಠ ಹೇಳಿ ಬಂದರು.

ಭಾನುವಾರ ಬೆಳಿಗ್ಗೆ ಏಪ್ರನ್ ಕಟ್ಟಿ ರಣರಂಗಕ್ಕಿಳಿದರು. ಗಂಬೋಗೆ ಮೊದಲು ಮೈದಾವನ್ನು ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಬರುವವರೆಗೆ ಕೈಬಿಡದೆ ಹುರಿಯಬೇಕು. "ಇಷ್ಟೇನ? ಬೇಸನ್ ಉಂಡಿ ಹಿಟ್ಟು ಹುರದಂಗ!" ಎಂದು ನಕ್ಕರು. ಹಿಟ್ಟು ಘಮ್ಮೆನ್ನತೊಡಗಿತು. ಇಂಥ ಘನಕಾರ್ಯವನ್ನು ಒಬ್ಬರೇ ನೋಡುವುದೇ? ಹುಬ್ಬಳ್ಳಿಯ ಅಣ್ಣ ಹಾಲಪ್ಪನಿಗೆ ವಿಡಿಯೋ ಕಾಲ್ ಹಚ್ಚಿದರು.

"ನೋಡಣ್ಣಾ, ಬೀಗರಿಗೆ ಅವರ ಅಡಗಿ! ಹೋಟೆಲಿನಾಂವಗ ಬುದ್ಧಿ ಕಲಿಸಾಕತ್ತೀನಿ!"

"ಭೇಷ್! ಅಲ್ಲೋ ಚಿದೂ, ನಿನ್ನ ಹಿಂದ ಅದೇನು ಕರ್ರಗ ಹೊಗಿ?"

ಅಷ್ಟರಲ್ಲಿ ಸೀಲಿಂಗಿನ ಅಲಾರಮ್ಮು ಬೊಬ್ಬೆ ಹೊಡೆಯಿತು. ತುಳಸಿ ಓಡಿಬಂದು ಟವೆಲ್ ಬೀಸಿದರು. ಬಾಣಲೆಯಲ್ಲಿ ಮೈದಾ ಹೋಗಿ ಡಾಂಬರು ಉಳಿದಿತ್ತು. ಮನೆಯಲ್ಲಿದ್ದ ಮೈದಾ ಅಷ್ಟೇ.

"ಇನ್ನೇನ್ ಮಾಡ್ತೀರಿ?"

"ಹಿಟ್ಟು ಯಾರಿಗೆ ಬೇಕಾಗೇದ? ಬೆಂಡಿಕಾಯಿ ಅದಾವಲ್ಲ!"

ಬೆಂಡೆಕಾಯಿಯ ವಿಷಯದಲ್ಲಿ ಮಾತ್ರ ಅವರು ಎಳ್ಳಷ್ಟೂ ಎಡವಲಿಲ್ಲ. ಒಂದೊಂದನ್ನೂ ಟವೆಲಿನಿಂದ ಮಗುವಿನ ಮೈಯಂತೆ ಒರೆಸಿದರು. ಹೆಚ್ಚಿ, ಎಣ್ಣೆಯಲ್ಲಿ ಗರಿಗರಿಯಾಗುವಂತೆ ಹುರಿದರು. ಲೋಳೆ ಎಂಬ ಮಹಾಶತ್ರುವಿನ ಕೊನೆಯ ಎಳೆ ತಲೆಯೆತ್ತಿದ್ದನ್ನು ಕಂಡು ಹುಣಸೆಹುಳಿ ಸುರಿದು ಅದನ್ನೂ ನಿರ್ನಾಮ ಮಾಡಿದರು. ಆಮೇಲೆ ಈರುಳ್ಳಿ, ಡೊಣ್ಣಮೆಣಸಿನಕಾಯಿ, ನೀರು. ಕುದಿಯಿತು, ಕುದಿಯಿತು, ಕುದಿಯುತ್ತಲೇ ಇತ್ತು. ಗಟ್ಟಿಯಾಗುವ ಮನಸ್ಸು ಮಾತ್ರ ಅದಕ್ಕಿರಲಿಲ್ಲ.

ಮಧ್ಯಾಹ್ನ ಒಡೀಲ್ ಮಗ ಮತ್ತು ಪ್ರೇರಣಾಳೊಡನೆ ಬಂದರು. ದುಂಡನೆಯ ಮೈ, ಗಟ್ಟಿ ದನಿ. ಚಿದಾನಂದರು ಪಾತ್ರೆಯ ಮುಚ್ಚಳ ತೆಗೆದು, "ಗಂಬೋ!" ಎಂದರು. ಒಡೀಲ್ ಸೌಟಿನಲ್ಲಿ ಎತ್ತಿ ಸುರಿದರು. ಅದು ಮಳೆನೀರಿನ ಹಾಗೆ ಜರ್ರೆಂದು ಇಳಿಯಿತು.

"ಬೆಂಡೆಕಾಯಿ ಹಾಕಿದ್ದೀರಿ. ಅದರ ಲೋಳೆ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಚಿದಾನಂದರ ಎದೆ ಉಬ್ಬಿತು. "ಒಂದು ಎಳೆಯೂ ಇಲ್ಲ! ಪೂರ್ತಿ ತೆಗೆದಿದ್ದೇನೆ!"

"ಅಯ್ಯೋ ದೇವರೇ! ಸಾರು ಗಟ್ಟಿಯಾಗೋದೇ ಆ ಲೋಳೆಯಿಂದ! ನೀವು ಗಂಬೋವನ್ನೇ ಒರೆಸಿ ಬಿಸಾಕಿದ್ದೀರಿ!"

"ಇದು... ಇದು ಹುಬ್ಬಳ್ಳಿ ಗಂಬೋ" ಎಂದರು ಚಿದಾನಂದರು, ಇನ್ನೂ ಬಾವುಟ ಇಳಿಸದೆ.

"ಇದಕ್ಕ ನಮ್ಮ ಕಡೆ ಬೆಂಡಿಕಾಯಿ ಹುಳಿ ಅಂತಾರ" ಎಂದರು ತುಳಸಿ. ದ್ರೋಹಿ ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿಯೂ ಕೊಟ್ಟಳು!

ಚಿದಾನಂದರ ಕಿವಿ ಬಿಸಿಯಾಯಿತು. ಬೀಗರು ಮೊದಲ ಸಲ ಮನೆಗೆ ಬಂದಿದ್ದಾರೆ, ಬಡಿಸಲು ಹುಳಿನೀರು! ಆ ಕ್ಷಣ ಹೋಟೆಲಿನವನು ಎದುರಿಗೆ ಬಂದಿದ್ದರೆ, ಎಲ್ಲ ಸೀಗಡಿಗಳ ದುಡ್ಡನ್ನೂ ಕೊಟ್ಟು ಕೈಮುಗಿಯುತ್ತಿದ್ದರೇನೋ.

ಒಡೀಲ್ ಮಾತ್ರ ಅಂಗಿಯ ತೋಳು ಮಡಚಿದರು. "ಬೆಂಡೆಕಾಯಿ ಉಳಿದಿದೆಯೇ?"

ತುಳಸಿ ನಾಳಿನ ಪಲ್ಯಕ್ಕೆಂದು ಎತ್ತಿಟ್ಟಿದ್ದನ್ನು ಫ್ರಿಜ್ಜಿನಿಂದ ತೆಗೆದುಕೊಟ್ಟರು.

"ಸಾಕು. ಗಂಬೋ ಬಡವರ ಅಡುಗೆ. ನನ್ನಮ್ಮ ಹಿತ್ತಿಲ ಬೆಂಡೆಕಾಯಲ್ಲೇ ಮಾಡ್ತಿದ್ದಳು. ಉಪವಾಸದ ಶುಕ್ರವಾರಗಳಲ್ಲಿ ನಾವೂ ಮಾಂಸ ಹಾಕೋದಿಲ್ಲ. ಈ ಹೋಟೆಲಿನವರ ರೇಟು ಕೇಳಿದರೆ ಅವಳು ಸೌಟು ತಗೊಂಡು ಬಾರಿಸ್ತಿದ್ದಳು!"

"ಅದನ್ನೇ ನಾನೂ ಹೇಳಿದ್ದು!" ಚಿದಾನಂದರಿಗೆ ಮತ್ತೆ ಜೀವ ಬಂತು.

"ಸಂತೋಷ. ಈಗ ಆ ಏಪ್ರನ್ ಬಿಚ್ಚಿಕೊಡಿ."

ತಾಯಿಯಿಂದ ಕೇಳಿದ್ದ ಬೆಳಗಿನ ಹೊಗೆಯ ಕತೆಯನ್ನು ಪ್ರೇರಣಾ ಆಗಲೇ ಅತ್ತೆಯ ಕಿವಿಗೆ ಊದಿಯಾಗಿತ್ತು. ಒಡೀಲ್ ಚಿದಾನಂದರನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಅಡುಗೆಮನೆಯಲ್ಲಿ ಇಬ್ಬರು ಬೀಗಿತ್ತಿಯರ ನಗು ಏರುತ್ತಿತ್ತು. ಒಬ್ಬರ ಭಾಷೆ ಒಬ್ಬರಿಗೆ ಅರ್ಧಂಬರ್ಧ. ಚಿದಾನಂದರನ್ನು ಆಡಿಕೊಳ್ಳಲು ಅಷ್ಟೇ ಸಾಕಾಗಿತ್ತು. ಅವರು ಭಾವಿ ಅಳಿಯನ ಪಕ್ಕ ಸೋಫಾದಲ್ಲಿ ಕೂತು ಮೂಗಿಗೆ ಬಂದ ಘಮವನ್ನು ಗಮನಿಸದವರಂತೆ ನಟಿಸಿದರು.

ಊಟಕ್ಕೆ ಕೂತಾಗ ಅನ್ನದ ಮೇಲೆ ಗಂಬೋ ದಪ್ಪಗೆ, ಮಿರಮಿರ ಹೊಳೆಯುತ್ತ ಇಳಿಯಿತು. ಪಕ್ಕದಲ್ಲಿ ರೊಟ್ಟಿ. ಚಿದಾನಂದರು ಒಂದು ಬೋಗುಣಿ ಮುಗಿಸಿದರು. ಎರಡನೆಯದನ್ನೂ ಮುಗಿಸಿ, "ಛಲೋ ಅದ. ಲೋಳಿ ಒಂಚೂರು ಜಾಸ್ತಿ ಆತು, ಅಷ್ಟ" ಎಂದು ಗೊಣಗಿದರು.

ತುಳಸಿ ಸೌಟು ಹಿಡಿದು ಪಕ್ಕಕ್ಕೆ ಬಂದು ನಿಂತರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಸಂಕೋಚ ಮಾಡಬ್ಯಾಡ್ರಿ ಬೀಗರ, ನಿಮ್ಮದ ಮನಿ ಅನ್ಕೋರಿ. ಇನ್ನೊಂದು ಸೌಟು ಹಾಕ್ಲೇನು?"

ಚಿದಾನಂದರು ಬೋಗುಣಿಯನ್ನು ಮುಂದಕ್ಕೆ ಚಾಚಿದರು.