ಫರಾಳವೂ ಊಟವೇ

ಉಪವಾಸ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಭೋಜದಲ್ಲಿ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಶನಿವಾರ, ಏಕಾದಶಿ, ಸಂಕಷ್ಟಿ, ಯಾವುದನ್ನೂ ಬಿಟ್ಟವನಲ್ಲ. ನಮ್ಮ ಗಡಿಭಾಗದ ಉಪವಾಸ ನಿಮಗೆ ಗೊತ್ತಿರಬೇಕು. ಅನ್ನ, ರೊಟ್ಟಿ ಮುಟ್ಟುವಂತಿಲ್ಲ. ಸಾಬೂದಾನಿ ಎಂದರೆ ಸಬ್ಬಕ್ಕಿಯ ಖಿಚಡಿ, ಹುರಿದ ಶೇಂಗಾ, ಬಾಳೆಹಣ್ಣು, ಚಹಾ ಎಷ್ಟಾದರೂ ನಡೆಯುತ್ತದೆ. ಅದಕ್ಕೆ ಫರಾಳ ಎನ್ನುತ್ತೇವೆ. ಫರಾಳ ತಿಂದವನನ್ನು ಉಂಡವನೆಂದು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ನನಗೆ ಎದೆಯುರಿ ಶುರುವಾಯಿತು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ, ಗಂಟಲಿನಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಬೇಕು, ಅಲ್ಲಿಯವರೆಗೆ ಖಾರ ಬಂದ್ ಎಂದರು. ಮೆಣಸಿನಕಾಯಿ ಚಟ್ನಿಯಿಲ್ಲದೆ ರೊಟ್ಟಿ ತಿನ್ನುವುದೂ ಒಂದು ಬಾಳೇ? ಕ್ಯಾಮೆರಾ ಡಾಕ್ಟರು ಮೀರಜದಿಂದ ಗುರುವಾರ ಮಾತ್ರ ಬರುತ್ತಿದ್ದರು. ನಾನು ಆ ಗುರುವಾರಕ್ಕಾಗಿ ಹಂಬಲಿಸುತ್ತಿದ್ದೆ. ಬುಧವಾರ ಸಂಜೆ ಮೊಬೈಲಿಗೆ ಮೆಸೇಜು ಬಂತು: "ನಾಳೆ ಬೆಳಿಗ್ಗೆ ಏನೂ ಉಣ್ಣದೆ ಖಾಲಿ ಹೊಟ್ಟೆಯಲ್ಲಿ ಬನ್ನಿ."

ಹೆಂಡತಿ ಸುಶೀಲಾ ಓದಿ ನಕ್ಕಳು. "ಇದಕ್ಯಾಕ ಚಿಂತಿ? ಉಪವಾಸದಾಗ ನೀವು ಪೈಲ್ವಾನ ಅದೀರಿ." ಬೆಳಿಗ್ಗೆ ತಾಟಿನ ತುಂಬ ಖಿಚಡಿ ಬಂತು. "ಮೆಣಸಿನಕಾಯಿ ಹಾಕಿಲ್ರಿ, ಪಥ್ಯ ಐತಲ್ಲ" ಎಂದಳು. ಎಂಥ ಕಾಳಜಿ ಎಂದು ನನಗೆ ಕಣ್ಣು ತುಂಬಿ ಬಂತು.

ಆಸ್ಪತ್ರೆಯಲ್ಲಿ ಸಿಸ್ಟರು ಕೇಳಿದರು, "ಏನರ ತಿಂದೀರೇನ್ರಿ?"

"ಛೇ, ಕಡಕ್ ಉಪವಾಸ ಐತ್ರಿ. ಬರೇ ಖಿಚಡಿ, ಮ್ಯಾಲೊಂದು ಬಾಳಿಹಣ್ಣ."

ಸಿಸ್ಟರು ಹಣೆಗೆ ಕೈ ಹಚ್ಚಿಕೊಂಡರು. ಪಕ್ಕದಲ್ಲಿ ಕುಳಿತಿದ್ದ ಬೇಡಕಿಹಾಳದ ಅಜ್ಜ ಅಭಿಮಾನದಿಂದ, "ನಾನೂ ಅಷ್ಟರೀ ಸಿಸ್ಟರ, ಬರೇ ಶೇಂಗಾ, ಚಹಾ" ಎಂದರು. ಬಂದವರೆಲ್ಲರದೂ ಇದೇ ಉಪವಾಸವಾಗಿದ್ದರಿಂದ ಆ ಗುರುವಾರ ಡಾಕ್ಟರು ಕ್ಯಾಮೆರಾ ಹೊರಗೇ ತೆಗೆಯದೆ ಮೀರಜಕ್ಕೆ ಮರಳಿದರು. ನನಗೆ ಇನ್ನೊಂದು ವಾರ ಸಪ್ಪೆ ರೊಟ್ಟಿ.

ಮುಂದಿನ ಬುಧವಾರದ ಮೆಸೇಜು ಉದ್ದವಾಗಿತ್ತು: "ಖಿಚಡಿ, ಶೇಂಗಾ, ಬಾಳೆಹಣ್ಣು, ಚಹಾ ಯಾವುದೂ ಬೇಡ. ಫರಾಳವೂ ಊಟವೇ." ಸುಶೀಲಾ ಓದಿ ಗಲ್ಲ ಬಡಿದುಕೊಂಡಳು. ಆದರೂ ಪಾಲಿಸಿದೆವು. ಕ್ಯಾಮೆರಾ ಸುಸೂತ್ರವಾಗಿ ಇಳಿದು ಬಂತು.

ಡಾಕ್ಟರು ಹೇಳಿದರು, "ಹೊಟ್ಟಿ ಚೊಲೋ ಐತ್ರಿ. ಚಟ್ನಿ ಹಿತಮಿತವಾಗಿ ತಿನ್ರಿ. ಆದ್ರ ಈ ಉಪವಾಸ ಬಿಡ್ರಿ. ಇಷ್ಟ ಶೇಂಗಾ, ಚಹಾ ಹಾಕಿದ್ರ ಉರೀದ ಇರತೈತೇನು? ಶನಿವಾರನೂ ಹೊತ್ತಿಗೆ ಸರಿಯಾಗಿ ರೊಟ್ಟಿ ಉಣ್ರಿ."

ಚಟ್ನಿ ಮರಳಿ ಸಿಕ್ಕ ಖುಷಿಯಲ್ಲಿ ಹಾರುತ್ತ ಮನೆಗೆ ಬಂದೆ. ಶನಿವಾರ ನನ್ನ ಮುಂದೆ ರೊಟ್ಟಿ, ಚಟ್ನಿ. ಎದುರಿಗೆ ಉಪವಾಸದ ಸುಶೀಲಾ, ಅವಳ ತಾಟಿನಲ್ಲಿ ತುಪ್ಪದ ಘಮಘಮ ಖಿಚಡಿ.

"ಒಂದು ಚಮಚೆ ಹಾಕು" ಎಂದೆ.

"ಫರಾಳನೂ ಊಟನಽ ಅಲ್ಲೇನ್ರಿ? ನಿಮ್ಮ ಊಟ ಆತಲ್ಲ" ಎಂದು ತಾಟು ಆಚೆ ಸರಿಸಿದಳು.

ಮೂರು ರೊಟ್ಟಿ ಉಂಡು ಕೈ ತೊಳೆದೆ. ಉಪವಾಸ ಅಂದರೆ ಎಷ್ಟು ಕಷ್ಟವೆಂದು ಜನ್ಮದಲ್ಲಿ ಮೊದಲ ಸಲ ಗೊತ್ತಾಯಿತು.