ಮಾವನ ಕಾರಿನ ಮಂಜುಗಣ್ಣು

ಒಂದು ಕೆನ್ನೆಯ ಮೇಲೆ ಕತ್ತಿ ಆಡಿ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಕೂತಿತ್ತು. ಆಗಲೇ ಅಳಿಯನ ಕಣ್ಣು ಕ್ಷೌರದಂಗಡಿಯ ಕನ್ನಡಿಯಲ್ಲಿ ಸಿಕ್ಕಿಕೊಂಡಿತು. ಅವನ ಬೆನ್ನ ಹಿಂದೆ, ಬಾಗಿಲಾಚೆ, ಮಾವನ ಕಾರು ಅಂಗಡಿಗೆ ಮುಖ ಮಾಡಿ ನಿಂತಿತ್ತು. ಕನ್ನಡಿಯ ಎಡಗಡೆ ಕಾಣುತ್ತಿದ್ದ ದೀಪದೊಳಗೆ ಮಂಜು, ಪೊರೆ ಬಂದ ಕಣ್ಣಿನ ಹಾಗೆ!

"ಅಯ್ಯಯ್ಯೋ!" ಎಂದು ಅವನು ಎದ್ದ ರಭಸಕ್ಕೆ ಕತ್ತಿ ಬರೀ ಗಾಳಿಯನ್ನು ಬೋಳಿಸಿತು.

ಮಾವ ಕಾರು ಕೊಟ್ಟದ್ದು ಪರೀಕ್ಷೆಗೆ. "ಒಂದು ವಾರ ಇಟ್ಕೊಳ್ಳಿ ಅಳಿಯಂದ್ರೇ. ಏನೂ ಆಗದಿದ್ರೆ ನಿಮಗೇ ಇರಲಿ" ಎಂದಿದ್ದರು. ಆ ವಾರ ಇವತ್ತು ಸಂಜೆಗೆ ಮುಗಿಯುತ್ತಿತ್ತು.

ಅಂಗಡಿಯ ಮಹಡಿಯ ಮೇಲಿನ ತನ್ನ ಮನೆಗೆ ಓಡಿ, ಹುಡುಕಾಡಿ ಸ್ಕ್ರೂಡ್ರೈವರ್ ತರುವಷ್ಟರಲ್ಲಿ ಬಿಸಿಲೇರಿ, ಎರಡು ದೀಪಗಳೂ ತೊಳೆದ ಲೋಟದಂತೆ ಹೊಳೆಯುತ್ತಿದ್ದವು. ಕಾರಿನ ಮುಂದೆ ನಿಂತು ಅಳಿಯ ಎಡಗೈ ಚಾಚಿದ. "ಇದೇ. ನನ್ನ ಕಣ್ಣಾರೆ ನೋಡಿದ್ದೀನಿ!"

ದೀಪ ಕಳಚಿಕೊಂಡು ಅಡಿಗೆಮನೆಯ ಕಟ್ಟೆಗೆ ಬಂತು. ಹಿಂದೆಯೇ ಕೂದಲು ಒಣಗಿಸುವ ಯಂತ್ರ ಹಿಡಿದು ಕ್ಷೌರಿಕ ಬಂದ. ಕತ್ತರಿ ಕೊರಳಿಗೆ ನೇತುಹಾಕಿಕೊಂಡು ಪಕ್ಕದಂಗಡಿಯ ದರ್ಜಿಯಮ್ಮನೂ ಬಂದಳು.

"ರೀ, ಮುಖ ಅರ್ಧಕ್ಕೇ ಬಿಟ್ಟು ದೀಪ ಬೋಳಿಸ್ತಿದ್ದೀರಾ?" ಎಂದಳು ಹೆಂಡತಿ.

"ಸುಮ್ನಿರೇ, ನಿಮ್ಮಪ್ಪ ಬರ್ತಾರೆ!"

ಬಿಸಿಗಾಳಿಗೆ ಅಂಚಿನ ಕಪ್ಪು ಅಂಟು ಬೆಲ್ಲದ ಪಾಕದಂತೆ ಎಳೆ ಬಿಟ್ಟಿತು. ಗಾಜು 'ಟಕ್' ಎಂದು ಕಳಚಿತು. ಒಳಗೆ ಒಂದು ಹನಿ ನೀರೂ ಇರಲಿಲ್ಲ.

"ಅಡಗಿರುತ್ತೆ ಸಾರ್" ಎಂದ ಕ್ಷೌರಿಕ ಅಭ್ಯಾಸಬಲದಿಂದ ಬಾಟಲಿಯ ನೀರನ್ನು ಚುಸ್ ಚುಸ್ ಎಂದು ಒಳಗೆಲ್ಲ ಸಿಂಪಡಿಸಿ, ಟವೆಲಿನಿಂದ ಮೇಲೆಮೇಲೆ ಒರೆಸಿದ.

"ಅಣ್ಣಾ, ಇಲ್ಲಿ ನೋಡಿ, ತೂತು!" ದರ್ಜಿಯಮ್ಮನ ಕಣ್ಣು ಮಿಂಚಿತು. ತೂತು ಕಂಡರೆ ಅವಳ ಕೈ ಸುಮ್ಮನಿರುವ ಕೈಯಲ್ಲ. "ನೀರು ಬಂದಿದ್ದು ಇಲ್ಲಿಂದ್ಲೇ. ಮುಚ್ಚಿ ಹಾಕಿ."

ಮುಚ್ಚಿದರು. ಗಾಜು ಕೂರಿಸಿ, ಸುತ್ತ ಹೊಸ ಅಂಟು ಹಚ್ಚಿ, ಬಟ್ಟೆಯ ಕ್ಲಿಪ್ಪುಗಳಿಂದ ಕಚ್ಚಿಸಿದರು. ದೀಪ ಮುಳ್ಳುಹಂದಿಯ ಹಾಗೆ ಕಂಡಿತು. ಅರೆಬರೆ ಒಣಗಿದ ಮೇಲೆ ಕಾರಿಗೆ ಕೂರಿಸುವಷ್ಟರಲ್ಲಿ ಮಾವ ಬಂದೇಬಿಟ್ಟರು, ಕಂಕುಳಲ್ಲಿ ಒಂದು ಪೆಟ್ಟಿಗೆ.

"ಮೊದ್ಲೇ ಹೇಳ್ಬೇಕಿತ್ತು ಅಳಿಯಂದ್ರೇ. ಇದರ ಒಂದು ದೀಪಕ್ಕೆ ಮೊದಲಿಂದ ಕಾಯಿಲೆ. ಬೆಳಗಿನ ಹೊತ್ತು ಮಂಜು ಕಟ್ಟುತ್ತೆ. ಹೊಸದು ತಂದಿದ್ದೀನಿ."

ಹೇಳಿ, ಮಾವ ಇವರು ಮುಟ್ಟದೇ ಬಿಟ್ಟಿದ್ದ ಇನ್ನೊಂದು ದೀಪ ಬಿಚ್ಚತೊಡಗಿದರು!

ಅಳಿಯ ಅಲ್ಲಿಂದ ಓಡಿದ. ಅಂಗಡಿಯೊಳಗೆ ನುಗ್ಗಿ ಕನ್ನಡಿ ನೋಡಿದ. ಮಾವನ ಕೈ ಸರಿಯಾಗಿ ಕನ್ನಡಿಯ ಎಡಗಡೆ ಆಡುತ್ತಿತ್ತು. ಬೆಳಿಗ್ಗೆ ಅವನು ಕಾರಿನ ಕಡೆ ತಿರುಗಿ ನಿಂತದ್ದೇ ತಡ, ಎಡಗೈ ಕಡೆಯ ಕಾಯಿಲೆ ಬಲಗೈ ಕಡೆಗೆ ಹೋಗಿತ್ತು.

ಹೊಸದನ್ನು ಕೂರಿಸಿ, "ಹಾಕಿ ನೋಡಿ!" ಎಂದರು ಮಾವ. ಅಳಿಯ ಕಾರಿನೊಳಗೆ ಕೂತು ಗುಂಡಿ ಒತ್ತಿದ. ಹೊಸ ದೀಪ ಝಗ್ಗೆಂದು ಹೊತ್ತಿತು. ರಿಪೇರಿಯಾದ ದೀಪದೊಳಗೆ ಕ್ಷೌರಿಕನ ನೀರೆಲ್ಲ ಬಿಸಿಗೆ ಹಬೆಯಾಗಿ, ಹೋಗಲು ದಾರಿಯಿಲ್ಲದೆ, ಗಾಜಿನ ತುಂಬ ಬೆಳ್ಳಗೆ ಹರಡಿಕೊಂಡಿತು.

"ಇದೇನಿದು! ಚೆನ್ನಾಗಿದ್ದ ಕಣ್ಣಿಗೇ ಪೊರೆ?" ಮಾವ ಬಗ್ಗಿ ಮುಟ್ಟಿದರು. ಬೆರಳಿಗೆ ಹಸಿ ಅಂಟು ಬಂತು. "ದೀಪ ಉಸಿರಾಡೋ ತೂತನ್ನೂ ಮುಚ್ಚಿದ್ದೀರಲ್ರೀ!"

ತಲೆಯೆತ್ತಿ ಅಳಿಯನ ಮುಖವನ್ನು ನೋಡಿದರು. ಅರ್ಧ ನುಣುಪು, ಅರ್ಧ ಒಣಗಿದ ನೊರೆ.

"ಕಾರಿನ ಕೀಲಿ ಕೊಡಿ" ಎಂದು ಕೈ ಚಾಚಿದರು. "ಪಾಪ, ಅದರ ಮುಖಾನೂ ನಿಮ್ಮದರ ಹಾಗೇ ಅರ್ಧಂಬರ್ಧ ಮಾಡಿಬಿಟ್ರಿ."