ಮೈನಸ್ಸಿಗೊಂದು ಗುದ್ದು

ವಿಳಾಸ

“ಈ ಬೀದಿ ಎಲ್ಲಿ ಬರುತ್ತೆ?” ಎಂದು ಚೀಟಿ ಮುಂದೆ ಹಿಡಿದೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಉಲ್ಟಾ ದಿಕ್ಕಿನ ಟ್ರಾಮು ಹತ್ತಿ, ಇಳಿದು, ಸುತ್ತಿ, ಮತ್ತೆ ಅದೇ ಚರ್ಚಿನ ಮುಂದೆ ಬಂದು ನಿಂತಿದ್ದೆ. ಮಸ್ಕತ್ತು, ಲುಸಾಕಾ ಎಲ್ಲ ತಿರುಗಿದವಳು ನಾನು. ಹೋದ ಊರಲ್ಲೆಲ್ಲ ದಾರಿ ತಪ್ಪುವುದು, ತಪ್ಪಿದಲ್ಲೇ ಯಾರಾದರೂ ಗಂಟುಬೀಳುವುದು ನನಗೆ ಮಾಮೂಲು.

ಕೈಚೀಲ ಹಿಡಿದಿದ್ದ ಅಜ್ಜ ಚೀಟಿ ನೋಡಿ, “ಇದು ನಾನಿರುವ ಕಟ್ಟಡವೇ. ಅಲ್ಲಿ ನಿಮಗೇನು ಕೆಲಸ?” ಅಂದ.

ನನ್ನ ಹರಕು ಜರ್ಮನ್ನಿನಲ್ಲಿ ಪುರಾಣ ಬಿಚ್ಚಿದೆ. ಗಂಡನಿಗೆ ಜರ್ಮನಿಯದೇ ಗ್ರೀನ್ ಕಾರ್ಡ್ ಸಿಕ್ಕಿದ್ದರಿಂದ ಬಂದವಳು, ಧಾರವಾಡದಲ್ಲಿ ಗಣಿತ ಕಲಿಸುತ್ತಿದ್ದೆ, ನಿಮ್ಮ ಕಟ್ಟಡದ ಹುಬ್ಬಳ್ಳಿಯವರ ಮಗಳಿಗೆ ಇಂಟಿಗ್ರೇಶನ್ ಹೇಳಿಕೊಡಬೇಕು, ಈ ಪರೀಕ್ಷೆಯೂ ಕೆಟ್ಟರೆ ಅವಳು ಮತ್ತೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಬೇಕು.

ಬಾಗಿಲ ತನಕ ಬಿಟ್ಟು ಅಜ್ಜ ಹೇಳಿದ: “ಅವರ ಕೆಳಗಿನ ಮನೆಯೇ ನನ್ನದು. ಒಂದು ಮಾತು ಕೊಡಿ. ಮಧ್ಯಾಹ್ನ ಒಂದರಿಂದ ಮೂರು ನನ್ನ ನಿದ್ದೆಯ ಹೊತ್ತು. ಸದ್ದು ಬೇಡ.”

“ಗಣಿತಕ್ಕೆ ಎಂಥ ಸದ್ದು?” ಅಂತ ಮಾತು ಕೊಟ್ಟೆ. ಪಾಪ, ಅವನಿಗೆ ನಮ್ಮ ಕಡೆಯ ಗಣಿತ ಗೊತ್ತಿರಲಿಲ್ಲ.

ಒಂದು ಹಿಡಿ ಅಕ್ಕಿ

ಹುಡುಗಿ ಇಲ್ಲೇ ಹುಟ್ಟಿದವಳು. ಸೈನ್ ಇಂಟಿಗ್ರೇಟ್ ಮಾಡು ಅಂದರೆ ಬರೀ ಕಾಸ್ ಅಂತ ಬರೆದು ಪೆನ್ನು ಮುಚ್ಚುತ್ತಿದ್ದಳು. ಮುಂದೆ ಮೈನಸ್ಸಿಲ್ಲ, ಕೊನೆಗೆ ಪ್ಲಸ್ ಸಿ ಇಲ್ಲ.

“ಕಾಸ್ ಡಿಫರೆನ್ಶಿಯೇಟ್ ಮಾಡಿದ್ರ ಮೈನಸ್ ಸೈನ್ ಬರ್ತದ. ನಮಗ ಬೇಕಾದ್ದು ಬರೀ ಸೈನ್. ಅದಕ್ಕ ಮೊದಲ ಒಂದು ಮೈನಸ್ ಹಚ್ಚಿ ಇಡೋದು.”

“ವಾರುಮ್ ಸಿ?” ಸಿ ಯಾಕೆ ಅಂತ ಜರ್ಮನ್ನಿನಲ್ಲೇ ಕೇಳಿದಳು.

“ಡಿಫರೆನ್ಶಿಯೇಟ್ ಮಾಡುವಾಗ ಯಾವ ಸಂಖ್ಯೆ ಅಳಿಸಿಹೋಗೇದೋ ಯಾರಿಗ್ಗೊತ್ತು? ಯಾರರೆ ಬಂದಾರು ಅಂತ ನಿಮ್ಮವ್ವ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಾಳಲ್ಲ, ಹಂಗ.”

ಒಲೆಯ ಮುಂದಿನಿಂದ ಅವ್ವ ಕೇಳಿದಳು: “ಹಂಗಾರ ಅಕ್ಕಾರ, ನಮ್ಮ ಪ್ಲಸ್ ಸಿ ಇವತ್ತ ಇಲ್ಲೇ ಉಣ್ತಾರೇನ್ರಿ?”

ತಾಳ

ಅರ್ಥವೇನೋ ಆಯಿತು. ಅವಸರದಲ್ಲಿ ಮಾತ್ರ ಮೈನಸ್ಸು ಮತ್ತೆ ಮಾಯ. ಕಡೆಗೆ ನಮ್ಮ ಹಳೇ ಮದ್ದನ್ನೇ ಕೊಟ್ಟೆ: ಓಡಾಡುತ್ತ ಗಟ್ಟಿಯಾಗಿ ಬಾಯಿಪಾಠ. ಶಾಲೆ ಬಿಟ್ಟು ಉಂಡ ಮೇಲೆ ಅವಳಿಗೆ ಬಿಡುವು. ಅದೇ ಅಜ್ಜನ ನಿದ್ದೆಯ ಹೊತ್ತು.

“ಸೈನಿಗೆ ಮೈನಸ್ ಕಾಸ್, ಕಾಸಿಗೆ ಸೈನ್, ಸೆಕ್ ಸ್ಕ್ವೇರಿಗೆ ಟ್ಯಾನ್...”

ಕೆಳಗಿನಿಂದ ಪೊರಕೆ ಕೋಲಿನ ಗುದ್ದು. ಮೆಲ್ಲಗೆ ಅಂತ ಕೈಸನ್ನೆ ಮಾಡಿದೆ. ಅವಳಿಗೆ ಧ್ಯಾಸವೇ ಇಲ್ಲ. ದಿನಾ ಇದೇ ಪಾಠ, ದಿನಾ ಅದೇ ಗುದ್ದು. ಬರಬರುತ್ತ ಗುದ್ದು ಸರಿಯಾಗಿ ಮೈನಸ್ಸಿನ ಮೇಲೆ ಬೀಳತೊಡಗಿತು.

ಅವ್ವ ಕಿವಿಗೊಟ್ಟು ಕೇಳಿ ಮೆಚ್ಚಿದಳು: “ಅಜ್ಜಗ ತಾಳಜ್ಞಾನ ಐತ್ರಿ.”

ಬಾಕಿ

ಹುಡುಗಿ ಪಾಸಾದಳು. ಒಂದೂ ಮೈನಸ್ಸು ತಪ್ಪಿರಲಿಲ್ಲ. “ಸೈನ್ ಬಂದಾಗಲೆಲ್ಲ ಕಾಲ ಕೆಳಗೆ ಗುದ್ದು ಕೇಳಿಸಿತು” ಅಂದಳು.

ಬೇಸನ್ ಉಂಡಿಯ ಡಬ್ಬಿ ಹಿಡಿದು ಅಜ್ಜನ ಬಾಗಿಲು ತಟ್ಟಿದೆ. ತೆರೆದವನ ಕಣ್ಣು ಕೆಂಡದಂತಿತ್ತು.

“ಕೊಟ್ಟ ಮಾತು ತಪ್ಪಿದೆ. ನನ್ನಿಂದ ನಿಮಗೆ ನಿದ್ದೆ ಬಾಕಿ ಇದೆ. ಇನ್ನು ಸದ್ದಿರುವುದಿಲ್ಲ.”

“ಗೊತ್ತಾಯಿತು. ಪರೀಕ್ಷೆ ಮುಗಿದಾಗಿನಿಂದ ಸದ್ದಿಲ್ಲ. ಸದ್ದಿಲ್ಲದೆ ನಿದ್ದೆಯೂ ಇಲ್ಲ” ಅಂದವನು ಕುರ್ಚಿಗೊರಗಿ ಪೊರಕೆ ಕೋಲು ಕೈಗೆತ್ತಿಕೊಂಡ. “ಬಾಕಿ ತೀರಿಸಿ.”

ನಿಂತೇ ಶುರು ಮಾಡಿದೆ. “ಸೈನಿಗೆ ಮೈನಸ್...” ಕೋಲು ಮೆಲ್ಲಗೆ ಸೂರು ಮುಟ್ಟಿತು. ಟ್ಯಾನ್ ಬರುವಷ್ಟರಲ್ಲಿ ಗೊರಕೆ.

“ಪ್ಲಸ್ ಸಿ” ಅಂತ ಉಂಡಿಯ ಡಬ್ಬಿ ಅವನ ಪಕ್ಕಕ್ಕಿಟ್ಟು ಬಾಗಿಲೆಳೆದುಕೊಂಡೆ.